ನಮ್ಮ ಹಿರಿಯರು ಚೀಲ ಕಾಯಲು ಬಂದವರಲ್ಲ



ಯುಗಾದಿ ಸಂಚಿಕೆಯ ಕೊನೆಯ ಪುಟದಲ್ಲಿ, ಪಾಟ್‌ಲಕ್ ಪಟ್ಟಿಯ ಕೆಳಗೆ ನಮ್ಮ ಕಾರ್ಯಕಾರಿ ಸಮಿತಿಯ ಒಂದು ಪ್ರಕಟಣೆ ಬಂದಿತ್ತು. ಯಾರು ಓದಿದರೋ ಬಿಟ್ಟರೋ ತಿಳಿಯದು, ನಾನಂತೂ ಎರಡು ಸಲ ಓದಿದೆ. ಈ ಸಲದ ಬೀಚ್ ಪಿಕ್‌ನಿಕ್ಕಿಗೆ ಬರುವ ಪ್ರತಿಯೊಂದು ಕುಟುಂಬವೂ ತನ್ನ ಸಾಮಾನಿನ ರಕ್ಷಣೆಗೆ ಒಬ್ಬ ಹಿರಿಯರನ್ನು ಸ್ಥಳದಲ್ಲೇ ಕೂರಿಸತಕ್ಕದ್ದು, ಕಳವಾದರೆ ಕೂಟ ಹೊಣೆಯಲ್ಲ ಎಂದು ಅದರ ಸಾರಾಂಶ. ಸಮಿತಿಯವರು ನಮ್ಮೆಲ್ಲರ ಸ್ನೇಹಿತರು. ಹಾಲ್ ಹಿಡಿಯುವುದರಿಂದ ಹಿಡಿದು ಕೊನೆಗೆ ಕುರ್ಚಿ ಮಡಿಸುವವರೆಗೆ ಅವರೇ ದುಡಿಯುತ್ತಾರೆ, ಅದು ನನಗೆ ಗೊತ್ತು. ಆದರೂ ಈ ಪ್ರಕಟಣೆ ತಪ್ಪು ಎಂದು ನೇರವಾಗಿ ಹೇಳಬೇಕಾಗಿದೆ. ಅದು ಕಳ್ಳನನ್ನು ತಡೆಯುವುದಿಲ್ಲ, ಹಿರಿಯರನ್ನು ಅವಮಾನಿಸುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ ನಮ್ಮ ಕಣ್ಣು ಎಲ್ಲಿರಬೇಕೋ ಅಲ್ಲಿಂದ ಅದನ್ನು ಕಿತ್ತು ಚೀಲದ ಮೇಲೆ ಇಡುತ್ತದೆ.

ಮೊದಲು ಆ ದಿನ ಏನಾಯಿತೆಂದು ನೆನಪಿಸಿಕೊಳ್ಳೋಣ. 2024ರ ಜುಲೈ, ಜರ್ಸಿ ತೀರದ ಒಂದು ಬೀಚು. ನಾವು ಸುಮಾರು ಅರವತ್ತು ಜನ. ಹದಿನೈದು ಛತ್ರಿ, ಜಮಖಾನಗಳು, ನಾಲ್ಕು ಕೂಲರು, ಪುಳಿಯೋಗರೆ, ಮೊಸರನ್ನ, ಕೋಡುಬಳೆ. ಮಧ್ಯಾಹ್ನ ಎರಡೂವರೆಯ ಹೊತ್ತಿಗೆ ಒಂದು ದೊಡ್ಡ ಚೀಲ ಮಾಯವಾಯಿತು. ಅದರಲ್ಲಿ ಮೂರು ಮನೆಯವರ ಫೋನುಗಳು, ಎರಡು ಪರ್ಸು, ಒಂದು ಕಾರಿನ ಕೀಲಿ, ಒಂದು ಬಳೆ, ಜೊತೆಗೆ ಒಬ್ಬ ಹಿರಿಯರ ಇನ್ಸುಲಿನ್ ಮತ್ತು ಸಕ್ಕರೆ ನೋಡುವ ಮೀಟರು ಇದ್ದವು.

ಆಗ ಕಾವಲಿಗೆ ಯಾರೂ ಇರಲಿಲ್ಲವೇ? ಇದ್ದರು ಸ್ವಾಮಿ, ಇದ್ದರು! ಶಿವಮೊಗ್ಗದ ಕಡೆಯಿಂದ ಮಗಳ ಮನೆಗೆ ಬಂದಿದ್ದ ನಿವೃತ್ತ ಹೈಸ್ಕೂಲು ಮೇಷ್ಟ್ರು. ವಯಸ್ಸು ಎಪ್ಪತ್ತನಾಲ್ಕು. "ಮೇಷ್ಟ್ರೇ, ಸ್ವಲ್ಪ ನೋಡಿಕೊಳ್ತಿರಿ, ಐದು ನಿಮಿಷ" ಎಂದು ಒಂದೊಂದೇ ಮನೆಯವರು ತಮ್ಮ ತಮ್ಮ ಗಂಟನ್ನು ಅವರ ಪಕ್ಕಕ್ಕೆ ತಳ್ಳಿ ನೀರಿಗೆ ಹೋದೆವು. ನಾನೂ ಹೋದೆ. ಐದು ನಿಮಿಷ ಎರಡು ಗಂಟೆಯಾಯಿತು. ಹದಿನೈದು ಛತ್ರಿಯ ಸಾಮಾನಿಗೆ ಅವರೊಬ್ಬರೇ ಕಾವಲು. ಅರವತ್ತು ಜನರಲ್ಲಿ ಅವರಿಗೆ ಮುಖಪರಿಚಯ ಇದ್ದದ್ದು ಹತ್ತು ಮಂದಿಯದು. ಯಾರೋ ಬಂದು ಆಚೆ ತುದಿಯ ಚೀಲವನ್ನು ಎತ್ತಿಕೊಂಡು ನಿಧಾನವಾಗಿ ನಡೆದುಹೋದರೆ ಅವನು ನಮ್ಮವನೋ ಅಲ್ಲವೋ ಎಂದು ಮೇಷ್ಟ್ರಿಗೆ ಗೊತ್ತಾಗುವುದಾದರೂ ಹೇಗೆ?

ಚೀಲ ಹೋದದ್ದು ದೊಡ್ಡದಲ್ಲ. ಆಮೇಲೆ ನಡೆದದ್ದನ್ನು ಮರೆಯಲು ನನಗೆ ಇನ್ನೂ ಆಗಿಲ್ಲ. ಆ ಮನುಷ್ಯ ಸಂಜೆಯವರೆಗೂ ಪ್ರತಿಯೊಬ್ಬರ ಹತ್ತಿರವೂ ಕೈಮುಗಿದು "ತಪ್ಪಾಯಿತು, ನನ್ನ ಕಣ್ಣು ಸರಿಯಿಲ್ಲ" ಎಂದು ಹೇಳಿಕೊಂಡು ಓಡಾಡಿದರು. ಊಟ ಮಾಡಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಗಣಿತ ಹೇಳಿಕೊಟ್ಟವರು, ನಮ್ಮ ಫೋನು ಪರ್ಸುಗಳಿಗಾಗಿ ನಮ್ಮ ಮುಂದೆ ತಲೆತಗ್ಗಿಸಿ ನಿಂತರು. ಕದ್ದುಹೋದ ಇನ್ಸುಲಿನ್ ಅವರದೇ! ರಾತ್ರಿಯ ಡೋಸ್ ತಪ್ಪಬಾರದೆಂದು ನಾನು ಫಾರ್ಮಸಿಗೆ ಫೋನು ಮಾಡಿ ವ್ಯವಸ್ಥೆ ಮಾಡಿದೆ. ಆದರೆ ಆ ತಗ್ಗಿದ ತಲೆಗೆ ನನ್ನ ಹತ್ತಿರ ಯಾವ ಪ್ರಿಸ್ಕ್ರಿಪ್ಷನ್ನೂ ಇರಲಿಲ್ಲ. ಈಗ ಸಮಿತಿಯವರು ಹೇಳುತ್ತಿರುವುದೇನು? ಒಬ್ಬ ಮೇಷ್ಟ್ರು ಸಾಲದು, ಮನೆಗೊಬ್ಬರನ್ನು ಕೂರಿಸಿ ಎಂದು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದೆಂದರೆ ಇದೇ. ಅದೂ ಬಾಗಿಲಿಗೆ ಅಗಣಿಯಾಗಿ ಅಜ್ಜ ಅಜ್ಜಿಯರನ್ನು ಇಟ್ಟು!

ಇದನ್ನು ನಾನು ಬೇರೆಯವರಿಗೆ ಮಾತ್ರ ಹೇಳುತ್ತಿಲ್ಲ. ಇದೇ ತಪ್ಪನ್ನು ನಾನು ನನ್ನ ಹೆತ್ತ ತಾಯಿಗೇ ಮಾಡಿದ್ದೇನೆ. 2006ರಲ್ಲಿ ಅಮ್ಮ ಹಾಸನದಿಂದ ಮೊದಲ ಸಲ ಇಲ್ಲಿಗೆ ಬಂದಳು. ಅದುವರೆಗೆ ಸಮುದ್ರ ನೋಡಿದವಳಲ್ಲ. ಕರೆದುಕೊಂಡು ಹೋದೆವು. "ನೀವೆಲ್ಲ ಹೋಗ್ರಪ್ಪ, ನಾನು ಇವನ್ನೆಲ್ಲ ನೋಡ್ಕೋತೀನಿ" ಅಂದಳು. ನಾವೂ ಹೂಂ ಎಂದು ಹೋದೆವು. ನಾಲ್ಕು ಗಂಟೆ ಆ ಬಿಸಿಲಿನಲ್ಲಿ ಚೀಲಗಳನ್ನು ಸೀರೆಯ ಸೆರಗಿನಡಿ ಅವುಚಿಕೊಂಡು ಕೂತಿದ್ದಳು. ಶೌಚಾಲಯಕ್ಕೆ ಎದ್ದುಹೋದರೆ ಸಾಮಾನಿಗೆ ಯಾರು ಗತಿ ಎಂದು ಒಂದು ಗುಟುಕು ನೀರೂ ಕುಡಿದಿರಲಿಲ್ಲ. ಬಿ.ಪಿ.ಗೆ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುತ್ತಿದ್ದವಳು. ನಾವು ಬಂದಾಗ ಏಳಲು ಹೋಗಿ ಕಣ್ಣು ಕತ್ತಲಿಟ್ಟು ಮರಳಿನ ಮೇಲೆ ಕುಸಿದಳು. ಮಗ ಡಾಕ್ಟರು! ರೆಸಿಡೆನ್ಸಿ ಮುಗಿಸಿದವನು! ವಯಸ್ಸಾದವರಿಗೆ ಬಾಯಾರಿಕೆ ಸರಿಯಾಗಿ ತಿಳಿಯುವುದಿಲ್ಲ, ಆ ಮಾತ್ರೆಯ ಜೊತೆ ಬಿಸಿಲು ಸೇರಿದರೆ ರಕ್ತದೊತ್ತಡ ದಿಢೀರನೆ ಇಳಿಯುತ್ತದೆ ಎಂದು ದಿನಾ ಹತ್ತು ಜನರಿಗೆ ಹೇಳುವವನು! ಅಮ್ಮ ಸುಧಾರಿಸಿಕೊಂಡಳು. ಆದರೆ ಆ ದಿನ ಅವಳ ಕಾಲಿಗೆ ಸಮುದ್ರದ ನೀರು ತಾಕಲಿಲ್ಲ. ಕಡಲು ನೋಡಲು ಬಂದವಳು ಚೀಲ ನೋಡಿಕೊಂಡು ಹೋದಳು. ಅವಳು ಈಗಿಲ್ಲ. ಅದಕ್ಕೇ ಈ ಪತ್ರದಲ್ಲಿ ಸ್ವಲ್ಪ ಕಾವು ಕಂಡರೆ ದಯವಿಟ್ಟು ಕ್ಷಮಿಸಿ.

ಕೆಲವರು ಹೇಳುತ್ತಾರೆ: "ಹಿರಿಯರಿಗೆ ನೀರು ಬೇಡ, ನೆರಳಿನಲ್ಲಿ ಕೂತರೆ ಅವರಿಗೇ ಸುಖ." ಸರಿ, ಕೂರಲಿ. ಬೇಕೆನಿಸಿದಾಗ ಎದ್ದು ಹೋಗುವ ಸ್ವಾತಂತ್ರ್ಯ ಇದ್ದರೆ ಅದು ಸುಖ. ಏಳುವಂತಿಲ್ಲದಿದ್ದರೆ ಅದಕ್ಕೆ ಪಹರೆ ಎನ್ನುತ್ತಾರೆ. ಇಷ್ಟಕ್ಕೂ ನೀರು ಬೇಡವೆಂದು ಹೇಳಿದವರು ಯಾರು? ಅವರೋ, ಅವರ ಪರವಾಗಿ ನಾವೋ?

ಈಗ ಕಳ್ಳನ ವಿಷಯಕ್ಕೆ ಬರೋಣ. ಆ ದಿನ ಚೀಲ ಹೋದ ಮೇಲೆ ನಮ್ಮ ಗುಂಪಿನಲ್ಲಿ ಏನೇನು ಮಾತು ಬಂತೆಂದು ಬರೆಯಲು ನಾಚಿಕೆಯಾಗುತ್ತದೆ. ಪಕ್ಕದ ಛತ್ರಿಯ ಕೆಳಗಿದ್ದ ಹುಡುಗರ ಕಡೆ ಹುಬ್ಬು ಹಾರಿಸಿ "ಇವರದೇ ಕೆಲಸ, ನೋಡಿದರೆ ಗೊತ್ತಾಗಲ್ವಾ" ಎಂದು ಕನ್ನಡದಲ್ಲಿ ಪಿಸುಗುಟ್ಟಿದವರು ಒಬ್ಬಿಬ್ಬರಲ್ಲ. ಆಧಾರ ಏನು? ಅವರ ಮೈಬಣ್ಣ, ಅಷ್ಟೇ. ಕನ್ನಡದಲ್ಲಿ ಹೇಳಿದರೆ ಪಾಪ ತಟ್ಟುವುದಿಲ್ಲವೇ? ನಮ್ಮ ಮಕ್ಕಳಿಗೆ ಬೇರೆ ಕನ್ನಡ ಬರುತ್ತದೋ ಇಲ್ಲವೋ, ಇಂಥ ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ.

ನಾನೇ ಹೋಗಿ ಆ ಹುಡುಗರ ತಾಯಿಯನ್ನು ಮಾತನಾಡಿಸಿದೆ. ಆಕೆ ಹೇಳಿದ್ದು ಇಷ್ಟು: "ಒಬ್ಬಾತ ಬಂದು ಚೀಲ ಎತ್ತಿಕೊಂಡದ್ದನ್ನು ನಾನು ನೋಡಿದೆ. ನಿಮ್ಮ ಕಡೆ ಅಷ್ಟೊಂದು ಜನ ಬರುತ್ತಾ ಹೋಗುತ್ತಾ ಇದ್ದರಲ್ಲ, ನಿಮ್ಮವನೇ ಇರಬೇಕು ಅಂದುಕೊಂಡೆ. ನನಗೊಂದು ಮಾತು ಹೇಳಿದ್ದರೆ ತಡೆಯುತ್ತಿದ್ದೆ." ಬೆಳಗಿನಿಂದ ಮೂರು ಮಾರು ದೂರದಲ್ಲಿ ಕೂತಿದ್ದೆವು. ಅರವತ್ತು ಜನರಲ್ಲಿ ಒಬ್ಬರೂ ಆಕೆಗೆ ಒಂದು ನಮಸ್ಕಾರ ಹೇಳಿರಲಿಲ್ಲ.

ಆಕೆಯ ಮಾತು ಬರಿಯ ಉಪಚಾರದ ಮಾತಲ್ಲ. ಥಾಮಸ್ ಮೊರಿಯಾರ್ಟಿ ಎಂಬ ಮನಃಶಾಸ್ತ್ರಜ್ಞ ನ್ಯೂಯಾರ್ಕ್ ಕಡೆಯ ಬೀಚಿನಲ್ಲಿ ಇದನ್ನೇ ಪರೀಕ್ಷೆ ಮಾಡಿ 1975ರಲ್ಲಿ ಪ್ರಕಟಿಸಿದ. ಒಬ್ಬಾತ ಮರಳಿನ ಮೇಲೆ ಬ್ಲಾಂಕೆಟ್ ಹಾಸಿ, ರೇಡಿಯೋ ಇಟ್ಟು, ಸ್ವಲ್ಪ ಹೊತ್ತಿಗೆ ಎದ್ದು ಹೋಗುತ್ತಾನೆ. ಆಮೇಲೆ ಇನ್ನೊಬ್ಬ ಬಂದು ಆ ರೇಡಿಯೋ ಎತ್ತಿಕೊಂಡು ನಡೆಯುತ್ತಾನೆ. ಇಬ್ಬರೂ ಪ್ರಯೋಗದ ಕಡೆಯವರೇ. ಸುಮ್ಮನೆ ಎದ್ದು ಹೋದಾಗ ಪಕ್ಕದವರಲ್ಲಿ 20ಕ್ಕೆ ಬರೀ 4 ಮಂದಿ ಆ ಕಳ್ಳನನ್ನು ತಡೆದರು. "ನನ್ನ ಸಾಮಾನು ಸ್ವಲ್ಪ ನೋಡಿಕೊಳ್ಳುತ್ತೀರಾ?" ಎಂದು ಕೇಳಿ ಹೋದಾಗ? 20ಕ್ಕೆ 19 ಮಂದಿ! ಅದೇ ಊರು, ಅದೇ ಜನ, ಅದೇ ಬೀಚು. ವ್ಯತ್ಯಾಸ ಒಂದು ವಾಕ್ಯದ್ದು. ಆ ಒಂದು ವಾಕ್ಯ ಆಡಲು ಸಂಕೋಚಪಟ್ಟು ನಾವು ಎಪ್ಪತ್ತನಾಲ್ಕು ವರ್ಷದ ಮುದುಕರನ್ನು ಬಿಸಿಲಿಗೆ ಹಾಕುತ್ತೇವೆ. ಗುರುತಿಲ್ಲದವರನ್ನು ಕಳ್ಳರೆಂದು ಕಾಣುವ ಬದಲು ಎರಡು ಕೋಡುಬಳೆ ಕೊಟ್ಟು ಕಾವಲುಗಾರರನ್ನಾಗಿ ಮಾಡಿಕೊಳ್ಳುವುದು ಬುದ್ಧಿವಂತಿಕೆ ಅಲ್ಲವೇ?

ಇನ್ನು ಪ್ರಕಟಣೆಯಲ್ಲಿ ಬರೆಯದೇ ಬಿಟ್ಟ ಸಂಗತಿ. ಚೀಲ ಹೋಯಿತೆಂದು ಕೂಗು ಎದ್ದಾಗ ಏನಾಯಿತು? ಎಲ್ಲರೂ ನೀರಿನಿಂದ ಎದ್ದು ತಂತಮ್ಮ ಸಾಮಾನಿನ ಕಡೆ ಓಡಿದೆವು. ಅವರ ಪರ್ಸು ಇದೆಯೇ, ಇವರ ಫೋನು ಇದೆಯೇ ಎಂದು ಹುಡುಕಾಟ. ಅಷ್ಟರಲ್ಲಿ ಲೈಫ್‌ಗಾರ್ಡಿನ ಸೀಟಿ ಕೇಳಿಸಿತು. ತಿರುಗಿ ನೋಡಿದರೆ ಅಲೆಗೆ ಸಿಕ್ಕಿ ಬಿದ್ದಿದ್ದ ಒಂದು ಮಗುವನ್ನು ಆ ಹುಡುಗಿ ಎತ್ತಿಕೊಂಡು ಬರುತ್ತಿದ್ದಾಳೆ. ನಮ್ಮ ಕೂಟದ್ದೇ ಮಗು, ಆರು ವರ್ಷ. ಸ್ವಲ್ಪ ನೀರು ಕುಡಿದಿತ್ತು, ಅತ್ತಿತು, ದೇವರ ದಯೆಯಿಂದ ಅಷ್ಟಕ್ಕೇ ಮುಗಿಯಿತು. ಅದರ ತಂದೆ ಆಗ ಎಲ್ಲಿದ್ದರು? ಚೀಲದ ಹತ್ತಿರ. ನಾನು ಎಲ್ಲಿದ್ದೆ? ಚೀಲದ ಹತ್ತಿರ. ಅರವತ್ತು ಜನರಲ್ಲಿ ನೀರಿನ ಕಡೆ ಮುಖ ಮಾಡಿ ನಿಂತವರು ಒಬ್ಬರೂ ಇರಲಿಲ್ಲ.

ಮುಳುಗುವವರು ಸಿನಿಮಾದಲ್ಲಿ ತೋರಿಸುವಂತೆ ಕೈ ಬೀಸಿ ಕೂಗುವುದಿಲ್ಲ. ಬ್ರಾಂಕ್ಸ್‌ನ ಆರ್ಚರ್ಡ್ ಬೀಚಿನಲ್ಲಿ ಲೈಫ್‌ಗಾರ್ಡ್ ಆಗಿದ್ದ ಫ್ರಾಂಕ್ ಪಿಯಾ ಎಂಬುವರು ಐವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಇದನ್ನು ಚಿತ್ರೀಕರಿಸಿ ತೋರಿಸಿದರು. ಬಾಯಿ ನೀರಿನ ಮೇಲೆ ಬಂದಷ್ಟು ಹೊತ್ತೂ ಉಸಿರಿಗೇ ಸಾಲದು, ಕೂಗುವುದು ಎಲ್ಲಿಂದ ಬಂತು? ಕೈಗಳು ತಾವಾಗಿ ಅಕ್ಕಪಕ್ಕ ಚಾಚಿ ನೀರನ್ನು ಕೆಳಕ್ಕೆ ಒತ್ತುತ್ತವೆ. ಹೀಗೆ ಮೇಲೆ ಇರುವುದು 20ರಿಂದ 60 ಸೆಕೆಂಡು, ಆಮೇಲೆ ಒಳಕ್ಕೆ. ಈ ದೇಶದಲ್ಲಿ 1ರಿಂದ 4 ವರ್ಷದ ಮಕ್ಕಳ ಸಾವಿಗೆ ಮುಳುಗುವುದೇ ಮೊದಲನೆಯ ಕಾರಣ. ಪರ್ಸು ಹುಡುಕಲು ನಿಮಗೆ ಎಷ್ಟು ಹೊತ್ತು ಬೇಕು, ನೀವೇ ಲೆಕ್ಕ ಹಾಕಿ.

ದೇವಸ್ಥಾನದ ಹೊರಗೆ ಹೊಸ ಚಪ್ಪಲಿ ಬಿಟ್ಟು ಒಳಗೆ ಹೋದವನ ಕಥೆ ನಮಗೆಲ್ಲ ಗೊತ್ತಿರುವುದೇ. ಕೈ ದೇವರಿಗೆ ಮುಗಿದರೂ ಮನಸ್ಸು ಚಪ್ಪಲಿಯ ಹತ್ತಿರ. ಜಾಣರಾದ ನಮ್ಮ ಹಿರಿಯರು ಏನು ಮಾಡುತ್ತಿದ್ದರು? ಕೆಲವರು ಎಡಗಾಲಿನದನ್ನು ಒಂದು ಕಡೆ, ಬಲಗಾಲಿನದನ್ನು ಇನ್ನೊಂದು ಕಡೆ ಬಿಡುತ್ತಿದ್ದರು. ಇನ್ನೂ ಜಾಣರು ಹಳೇ ಚಪ್ಪಲಿ ಹಾಕಿಕೊಂಡು ಬರುತ್ತಿದ್ದರು. ನಾನು ಹೇಳಬೇಕೆಂದಿರುವುದೆಲ್ಲ ಈ ಹಳೇ ಚಪ್ಪಲಿಯಲ್ಲಿದೆ. ಕದಿಯಲು ಏನೂ ಇಲ್ಲದಿದ್ದರೆ ಕಾಯಲು ಯಾರೂ ಬೇಕಿಲ್ಲ.

ಹಾಗಾದರೆ ಏನು ತರಬೇಕು, ಏನು ತರಬಾರದು? ಪ್ರಕಟಣೆಯ ಜಾಗದಲ್ಲಿ ಸಮಿತಿಯವರು ಇದನ್ನು ಹಾಕಲಿ.

ಚಿನ್ನ ಮನೆಯಲ್ಲಿರಲಿ. ಕಳ್ಳನಿಗಿಂತ ದೊಡ್ಡ ಕಳ್ಳ ಸಮುದ್ರವೇ. ತಣ್ಣೀರಿಗೆ ಇಳಿದರೆ ಬೆರಳಿನ ರಕ್ತನಾಳ ಕುಗ್ಗಿ ಬೆರಳು ಸಣ್ಣಗಾಗುತ್ತದೆ, ಅದರ ಮೇಲೆ ಸನ್‌ಸ್ಕ್ರೀನಿನ ಜಿಡ್ಡು. ಉಂಗುರ ಜಾರಿದ್ದೇ ತಿಳಿಯುವುದಿಲ್ಲ. ಕರಿಮಣಿ ಸರ ಒಂದು ಅಲೆಗೆ ಹರಿಯುತ್ತದೆ. ಇನ್ಶೂರೆನ್ಸ್ ಇದೆ ಎನ್ನುವವರು ತಮ್ಮ ಮನೆಯ ಪಾಲಿಸಿ ತೆಗೆದು ನೋಡಲಿ. ಒಡವೆಯ ಕಳವಿಗೆ ಹಲವು ಪಾಲಿಸಿಗಳಲ್ಲಿ 1,500 ಡಾಲರಿನಂಥ ಪ್ರತ್ಯೇಕ ಮಿತಿ ಇರುತ್ತದೆ, ಅದರಲ್ಲೂ ಡಿಡಕ್ಟಿಬಲ್ ಕಳೆದೇ ಕೊಡುವುದು.

ಕಾರ್ಡು ಒಂದೇ ಸಾಕು, ಅದೂ ಕ್ರೆಡಿಟ್ ಕಾರ್ಡು. ಕದ್ದವನು ಉಜ್ಜಿದರೂ ಕಾನೂನಿನ ಪ್ರಕಾರ ನಿಮ್ಮ ಹೊಣೆ ಹೆಚ್ಚೆಂದರೆ 50 ಡಾಲರು. ಡೆಬಿಟ್ ಕಾರ್ಡು ಹಾಗಲ್ಲ. ಗೊತ್ತಾದ ಎರಡು ಕೆಲಸದ ದಿನಗಳೊಳಗೆ ಬ್ಯಾಂಕಿಗೆ ತಿಳಿಸದಿದ್ದರೆ ಹೊಣೆ 500 ಡಾಲರಿನವರೆಗೆ ಏರಬಹುದು. ಅದು ಮನೆಯಲ್ಲಿರಲಿ.

ಗ್ರೀನ್ ಕಾರ್ಡಿನಂತೆ ಜೊತೆಯಲ್ಲೇ ಇರಬೇಕೆಂದು ಕಾನೂನು ಹೇಳುವ ಕಾಗದಗಳನ್ನು ನೀರು ಹೋಗದ ಪುಟ್ಟ ಚೀಲದಲ್ಲಿ ಹಾಕಿ ಮೈಮೇಲೆ ಇಟ್ಟುಕೊಳ್ಳಿ. ಹತ್ತು ಮನೆಯ ಗಂಟಿನೊಳಗೆ ಅವು ಬೇಡವೇ ಬೇಡ.

ಕಾರಿನ ಕೀಲಿಯನ್ನೂ ಹಾಗೆಯೇ ಮೈಮೇಲೆ ಇಟ್ಟುಕೊಳ್ಳಿ. ಈಗಿನ ರಿಮೋಟ್ ಕೀಲಿಗಳಿಗೆ ಉಪ್ಪುನೀರು ಆಗದು, ಅದಕ್ಕೂ ಜಲನಿರೋಧಕ ಚೀಲ ಬೇಕು. ಶೂ ಒಳಗೆ ಬಚ್ಚಿಡುವ ಉಪಾಯ ದಯವಿಟ್ಟು ಬಿಡಿ. 1998ರಲ್ಲಿ ರೆಸಿಡೆನ್ಸಿಗೆ ಬಂದ ಮೊದಲ ಬೇಸಿಗೆಯಲ್ಲಿ ನಾನೂ ಎಡಗಾಲಿನ ಶೂ ಒಳಗೆ ಪರ್ಸು ಇಟ್ಟು, ಮೇಲೆ ಕಾಲುಚೀಲ ತುರುಕಿ, ಏನು ಜಾಣತನ ಎಂದು ಮೆರೆದೆ. ಕಳ್ಳ ಮೊದಲು ಕೈ ಹಾಕಿದ್ದೇ ಅಲ್ಲಿ. ಶೂ ಮಾತ್ರ ಬಿಟ್ಟುಹೋಗಿದ್ದ, ಅಷ್ಟರಮಟ್ಟಿಗೆ ಧರ್ಮಾತ್ಮ.

ಟ್ರಂಕಿನಲ್ಲಿ ಇಡುವುದಿದ್ದರೆ ಮನೆಯಿಂದ ಹೊರಡುವಾಗಲೇ ಇಡಿ. ಬೀಚಿನ ಪಾರ್ಕಿಂಗ್ ಲಾಟಿಗೆ ಬಂದು, ಎಲ್ಲರೆದುರು ಟ್ರಂಕು ತೆರೆದು ಪರ್ಸು ಲ್ಯಾಪ್‌ಟಾಪು ಒಳಗಿಟ್ಟರೆ ಅದು ಕಳ್ಳನಿಗೆ ಡಂಗುರ ಸಾರಿದಂತೆ.

ಔಷಧಿ ಮಾತ್ರ ಈ ಯಾವ ಲೆಕ್ಕಕ್ಕೂ ಸೇರದು. ಇನ್ಸುಲಿನ್ ಕಾರಿನ ಟ್ರಂಕಿನಲ್ಲಿ ಬೆಂದುಹೋಗುತ್ತದೆ. ಎದೆನೋವಿನ ಮಾತ್ರೆ ಇನ್ನೊಬ್ಬರ ಚೀಲದಲ್ಲಿದ್ದರೆ ಇದ್ದೂ ಇಲ್ಲದಂತೆ. ಆ ದಿನಕ್ಕೆ ಬೇಕಾದಷ್ಟನ್ನು ಮಾತ್ರ ಬೇರೆ ಪುಟ್ಟ ಚೀಲದಲ್ಲಿ, ಇನ್ಸುಲಿನ್ ಇದ್ದರೆ ತಂಪಾಗಿ, ಅದರ ಒಡೆಯರ ಕೈಗೆಟಕುವಲ್ಲಿ ಇಡಿ. ಉಳಿದದ್ದು ಮನೆಯಲ್ಲಿರಲಿ. ಹೆಸರು ಮತ್ತು ಡೋಸಿನ ಪಟ್ಟಿ ಒಬ್ಬರ ಫೋನಿನಲ್ಲಲ್ಲ, ಇಬ್ಬರ ಫೋನಿನಲ್ಲಿ ಇರಲಿ.

ಅನ್ನದ ಡಬ್ಬಿಗೆ ಕಾವಲು ಬೇಡವೇ ಎಂದು ಯಾರೋ ಕೇಳಿದರು. ಪುಳಿಯೋಗರೆ ಕದ್ದ ಮನುಷ್ಯನನ್ನು ನಾನು ಕಂಡಿಲ್ಲ. ಕದಿಯುವುದು ಸೀಗಲ್ ಹಕ್ಕಿ. ನಮ್ಮ ಜರ್ಸಿಯ ಓಷನ್ ಸಿಟಿಯಲ್ಲಿ ಇವುಗಳ ಕಾಟ ತಡೆಯಲಾರದೆ 2019ರ ಬೇಸಿಗೆಯಲ್ಲಿ ಗಿಡುಗಗಳನ್ನೇ ತರಿಸಿದರು. ನಮಗೆ ಅಷ್ಟೆಲ್ಲ ಬೇಡ, ಮುಚ್ಚಳ ಬಿಗಿ ಇರುವ ಡಬ್ಬಿ ಸಾಕು.

ಕೊನೆಯದಾಗಿ, ಸರದಿ ಹಾಕಲೇಬೇಕೆಂದಿದ್ದರೆ ನೀರಿಗೆ ಹಾಕಿ. ಅರ್ಧ ಗಂಟೆಗೆ ಇಬ್ಬರಂತೆ, ಈಜು ಬಲ್ಲ ವಯಸ್ಕರು. ಕೈಯಲ್ಲಿ ಫೋನಿಲ್ಲ, ಇಸ್ಪೀಟಿಲ್ಲ, ಬಾಯಲ್ಲಿ ಎಚ್-1 ವೀಸಾದ ಚರ್ಚೆಯಿಲ್ಲ. ಲೈಫ್‌ಗಾರ್ಡ್ ಇರುವ ಕಡೆಯೇ ಮಕ್ಕಳು ಇಳಿಯಲಿ, ಈ ಇಬ್ಬರ ಕಣ್ಣು ಮಕ್ಕಳ ತಲೆಗಳ ಮೇಲೇ ಇರಲಿ. ಚೀಲ ಹೋಯಿತೆಂದು ಯಾರು ಎಷ್ಟು ಕೂಗಿಕೊಂಡರೂ ಇವರು ತಿರುಗಿ ನೋಡಬಾರದು. ಚೀಲ ಹೋದರೆ ಹೋಗಲಿ ಬಿಡಿ, ಪೊಲೀಸರಿಗೆ ಒಂದು ದೂರು, ಬ್ಯಾಂಕಿಗೆ ಒಂದು ಫೋನು, ಮುಗಿಯಿತು.

ಮೇ ತಿಂಗಳ ಸರ್ವ ಸದಸ್ಯರ ಸಭೆಯಲ್ಲಿ ಈ ಪ್ರಕಟಣೆಯನ್ನು ಹಿಂತೆಗೆದುಕೊಳ್ಳಬೇಕೆಂದು ನಾನು ಸೂಚಿಸಲಿದ್ದೇನೆ. ಅನುಮೋದಿಸುವವರು ಒಬ್ಬರಾದರೂ ಸಿಗುತ್ತೀರೆಂದು ನಂಬಿದ್ದೇನೆ. ನೀರಿನ ಸರದಿಯ ಪಟ್ಟಿಯಲ್ಲಿ ಮೊದಲ ಅರ್ಧ ಗಂಟೆಗೆ ನನ್ನ ಹೆಸರು ಬರೆದುಕೊಳ್ಳಿ. ಮೇಷ್ಟ್ರು ಈ ಬೇಸಿಗೆಗೆ ಮತ್ತೆ ಬರುತ್ತಿದ್ದಾರಂತೆ, ಆದರೆ ಪಿಕ್‌ನಿಕ್ಕಿಗೆ ಮಾತ್ರ ಬರುವುದಿಲ್ಲ ಎಂದು ಮಗಳಿಗೆ ಹೇಳಿದ್ದಾರಂತೆ. ನಾವು ನಾಲ್ಕು ಜನ ಅವರ ಮನೆಗೆ ಹೋಗಿ ಕರೆಯೋಣ. ಈ ಸಲ ಅವರ ಪಕ್ಕದಲ್ಲಿ ಒಂದು ಚೀಲವೂ ಇರುವುದಿಲ್ಲ, ಪಂಚೆ ಎತ್ತಿ ಕಟ್ಟಿಕೊಂಡು ನೀರಿಗೆ ಬರಬೇಕು ಎಂದು ಹೇಳೋಣ.

ಏನಂತೀರಿ?

— ಕೂಟದ ಒಬ್ಬ ಹಳೆಯ ಸದಸ್ಯ, ವೃತ್ತಿಯಿಂದ ವೈದ್ಯ